ಅಂಗಳದ ಕಾರು ಮತ್ತು ರಾತ್ರಿಯ ಬಸ್ಸು

ಕಾರು ಈಗ ಪ್ರತಿಷ್ಠೆಯ ವಸ್ತುವಲ್ಲ, ಅನಿವಾರ್ಯತೆ ಎಂಬ ಮಾತು ಉಡುಪಿ, ಮಣಿಪಾಲದ ಮನೆಗಳಲ್ಲಿ ಪದೇ ಪದೇ ಕೇಳಿಬರುತ್ತದೆ. ಈ ನಂಬಿಕೆಯಿಂದಲೇ ಎಷ್ಟೋ ಕುಟುಂಬಗಳು ತಿಂಗಳ ಆದಾಯದ ದೊಡ್ಡ ಪಾಲನ್ನು ಕಂತಿಗೆ ಒಪ್ಪಿಸುತ್ತಿವೆ. ಬಡ್ಡಿ ನಿಷಿದ್ಧವೆಂದು ಬಲ್ಲವರೂ ಕಾರಿನ ವಿಷಯ ಬಂದಾಗ ಸಾಲದ ಪತ್ರಕ್ಕೆ ಸಹಿ ಹಾಕುತ್ತಾರೆ. ಆದ್ದರಿಂದ ಈ ಅನಿವಾರ್ಯತೆ ಎಷ್ಟು ನಿಜ ಎಂಬುದನ್ನು ನಾವು ಪ್ರಾಮಾಣಿಕವಾಗಿ ಪರಿಶೀಲಿಸಬೇಕಾಗಿದೆ.

ಬಸ್ಸಿನ ವಿಷಯದಲ್ಲಿ ಕರಾವಳಿಯ ಪರಂಪರೆ ದೊಡ್ಡದು. 1914ರಲ್ಲಿ ಮಂಗಳೂರಿನಲ್ಲಿ ಕೆನರಾ ಪಬ್ಲಿಕ್ ಕನ್ವೇಯನ್ಸ್ ಕಂಪೆನಿ ಆರಂಭವಾದಂದಿನಿಂದ ಖಾಸಗಿ ಬಸ್ಸುಗಳೇ ಇಲ್ಲಿನ ಜನಜೀವನವನ್ನು ನಡೆಸಿವೆ. ಉಡುಪಿಯಿಂದ ಮಣಿಪಾಲಕ್ಕೆ ಐದಾರು ಕಿಲೋಮೀಟರ್. ಹಗಲಿನಲ್ಲಿ ಸಿಟಿ ಬಸ್ಸಿಗಾಗಿ ಹೆಚ್ಚು ಕಾಯಬೇಕಿಲ್ಲ. ಕಾಪು ರಾಷ್ಟ್ರೀಯ ಹೆದ್ದಾರಿ 66ರಲ್ಲೇ ಇದೆ. ಉಡುಪಿ-ಮಂಗಳೂರು ಬಸ್ಸುಗಳು ಅದನ್ನು ಹಾದೇ ಹೋಗುತ್ತವೆ. ಕಾರ್ಕಳಕ್ಕೆ ರೈಲಿಲ್ಲ, ಬಸ್ಸಿದೆ. ಮುಖ್ಯರಸ್ತೆಯ ಸಮೀಪ ವಾಸಿಸುವವರಿಗೆ, ಹಗಲಿನ ಮಟ್ಟಿಗೆ, ಕಾರಿಲ್ಲದ ಬದುಕು ಕಷ್ಟವೇನಲ್ಲ.

ಕಷ್ಟ ಆರಂಭವಾಗುವುದು ಕತ್ತಲಾದ ಮೇಲೆ. ಬಸ್ಸುಗಳು ವಿರಳವಾಗುತ್ತವೆ. ಒಳರಸ್ತೆಯ ಮನೆಗೆ ರಿಕ್ಷಾ ಬಾಡಿಗೆ ಭಾರವಾಗುತ್ತದೆ. ತುರ್ತು ರೋಗಿಯನ್ನು ಆಸ್ಪತ್ರೆಗೆ ಒಯ್ಯಲು 2008ರಿಂದ 108 ಆಂಬ್ಯುಲೆನ್ಸ್ ಇದೆ. ಆದರೆ ಚಿಕಿತ್ಸೆ ಮುಗಿಸಿ ರಾತ್ರಿ ಹೊರಬರುವ ವೃದ್ಧೆ ಮನೆ ಸೇರುವುದು ಹೇಗೆ? ಕಾರಿನ ಪರವಾದ ನಿಜವಾದ ವಾದ ಇದೊಂದೇ.

ಆದರೆ ಕಾರು ಈ ವೃದ್ಧೆಗೆ ನೆರವಾಗುತ್ತಿದೆಯೇ? ಮನೆಯ ಕಾರು ಹೆಚ್ಚಾಗಿ ಗಂಡಸಿನೊಂದಿಗೆ ಕೆಲಸಕ್ಕೆ ಹೋಗುತ್ತದೆ. ಮಗ ಗಲ್ಫ್‌ನಲ್ಲಿದ್ದರೆ ಅದು ಹೊದಿಕೆ ಹೊದ್ದು ಅಂಗಳದಲ್ಲೇ ಅವನ ರಜೆಗಾಗಿ ಕಾಯುತ್ತದೆ. ತಾಯಿ ಬಸ್ಸಿನಲ್ಲೇ ಮಣಿಪಾಲದ ಆಸ್ಪತ್ರೆಗೆ ಹೋಗಿಬರುತ್ತಾಳೆ. ಮನೆಗೆ ಕಾರು ಬಂದ ಮಾತ್ರಕ್ಕೆ ಮನೆಮಂದಿಗೆಲ್ಲ ಕಾರು ಬಂದಂತಲ್ಲ. 2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯ ಉಚಿತ ಪ್ರಯಾಣವೂ ಸರಕಾರಿ ಬಸ್ಸುಗಳಿಗೆ ಸೀಮಿತ. ಖಾಸಗಿ ಬಸ್ಸುಗಳೇ ತುಂಬಿರುವ ನಮ್ಮ ಜಿಲ್ಲೆಯ ಮಹಿಳೆಯರಿಗೆ ಅದರ ಪ್ರಯೋಜನ ದೊರೆತದ್ದು ಅಲ್ಪ.

ಬಸ್ಸುಗಳಿಗೆ ಪರ್ಮಿಟ್ ನೀಡುವ ಪ್ರಾದೇಶಿಕ ಸಾರಿಗೆ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿಯೇ ಅಧ್ಯಕ್ಷರು. ರಾತ್ರಿ ಬಸ್ಸಿಗಾಗಿ, ಇನ್ನಷ್ಟು ಸರಕಾರಿ ಬಸ್ಸುಗಳಿಗಾಗಿ, ನಡೆದಾಡಲು ಯೋಗ್ಯವಾದ ಕಾಲುದಾರಿಗಾಗಿ ನಮ್ಮ ಮೊಹಲ್ಲಾಗಳಿಂದ ಎಷ್ಟು ಮನವಿಗಳು ಹೋಗಿವೆ? ಕಾರು ಕೊಂಡವನಿಗೆ ಬಸ್ಸಿನ ಚಿಂತೆ ಇರುವುದಿಲ್ಲ. ಅನುಕೂಲಸ್ಥರು ಒಬ್ಬೊಬ್ಬರಾಗಿ ಬಸ್ಸಿನಿಂದ ಇಳಿದಾಗ, ಅದರಲ್ಲೇ ಉಳಿದವರ ಪರವಾಗಿ ಮಾತಾಡುವವರೂ ಇಳಿದುಹೋಗುತ್ತಾರೆ. ಅಗತ್ಯವಿರುವವರು ಕಾರು ಕೊಳ್ಳಲಿ. ಆದರೆ ಸಾಲದ ಪತ್ರಕ್ಕೆ ಸಹಿ ಹಾಕುವ ಮುನ್ನ, ರಾತ್ರಿ ಬಸ್ಸು ಕೇಳುವ ಮನವಿಗೊಂದು ಸಹಿ ಹಾಕೋಣ.