ದುಡಿ ಯಾವುದರ ಸಂಕೇತ? ಗೈಡಿನ ಉತ್ತರ, ನಮ್ಮ ಮಕ್ಕಳ ಉತ್ತರ



ಹೈಸ್ಕೂಲು ಮಕ್ಕಳಿಗೆ ಕತೆ, ಕಾದಂಬರಿ ಓದಿಸೋ ರೀತಿ ಬಗ್ಗೆ ಸ್ವಲ್ಪ ಉದ್ದಕ್ಕೇ ಬರೀತಿದೀನಿ. ಭೂಮಿ, ಮೀಸಲಾತಿ, ದೌರ್ಜನ್ಯದ ಕೇಸುಗಳ ನಡುವೆ ಇದೇನಪ್ಪ ಹೊಸ ರಾಗ ಅನ್ನಬೇಡಿ. ಪೂರ್ತಿ ಓದಿ, ಇದೂ ಅದೇ ವಿಷಯಾನೇ.

'ಸಂದರ್ಭದೊಡನೆ ಸ್ವಾರಸ್ಯ ವಿವರಿಸಿ' ಅನ್ನೋ ಪ್ರಶ್ನೆ ನಿಮಗೆಲ್ಲ ನೆನಪಿರುತ್ತೆ. ಆಯ್ಕೆ, ಸಂದರ್ಭ, ಸ್ವಾರಸ್ಯ. ಆಯ್ಕೆ, ಸಂದರ್ಭ ಪುಸ್ತಕದಲ್ಲಿ ಇರೋದು, ಸರಿ. ಆದರೆ ಸ್ವಾರಸ್ಯ ಅಂದ್ರೆ ಓದಿದ ಮಗುವಿಗೆ ಹೊಳೆಯಬೇಕಾದದ್ದು. ಅದನ್ನೂ ಗೈಡು ನೋಡಿ ಬಾಯಿಪಾಠ ಮಾಡಿಸ್ತೀವಲ್ಲ, ಇದಕ್ಕಿಂತ ವಿಚಿತ್ರ ಬೇರೆ ಇದೆಯಾ? ಸಂಕೇತದ ಕತೆಯೂ ಇಷ್ಟೇ. ದೀಪ ಅಂದ್ರೆ ಜ್ಞಾನ, ನೀರು ಅಂದ್ರೆ ಪಾವಿತ್ರ್ಯ, ಮಣ್ಣು ಅಂದ್ರೆ ತಾಯಿ. ಒಂದು ಪಟ್ಟಿ ಕೊಟ್ಟುಬಿಡ್ತಾರೆ. ಮಗು ಕತೆ ಓದದೇನೇ ಉತ್ತರ ಬರೆಯಬಹುದು.

ನೀರನ್ನೇ ತಗೊಳ್ಳಿ. ಬಾಬಾಸಾಹೇಬರು ಓದಿದ ಶಾಲೆಯಲ್ಲಿ ಅವರು ತಾವೇ ನಲ್ಲಿ ಮುಟ್ಟೋ ಹಾಗಿರಲಿಲ್ಲ. ಜವಾನ ಬಂದರೆ ನೀರು, ಜವಾನ ಇಲ್ಲದ ದಿನ ನೀರಿಲ್ಲ. ಇದನ್ನು ಅವರೇ ತಮ್ಮ ನೆನಪುಗಳಲ್ಲಿ ಬರೆದಿದಾರೆ. 1927ರಲ್ಲಿ ಮಹಾಡಿನ ಚೌದಾರ್ ಕೆರೆಗೆ ಸಾವಿರಾರು ಜನರನ್ನ ಕರಕೊಂಡು ಹೋಗಿ ನೀರು ಕುಡಿದವರು ಅವರು. ಈ ಚರಿತ್ರೆ ಇರೋ ಮಗುವಿಗೆ 'ನೀರು ಪಾವಿತ್ರ್ಯದ ಸಂಕೇತ' ಅಂತ ಬರೆಸಿದರೆ, ಅದರ ಅಜ್ಜಿ ಬಾವಿಕಟ್ಟೆ ಹತ್ರ ಖಾಲಿ ಕೊಡ ಇಟ್ಟುಕೊಂಡು ಕಾದದ್ದು ಎಲ್ಲಿಗೆ ಹೋಯ್ತು? ಸಂಕೇತ ಅನ್ನೋದು ವಸ್ತುವಿನೊಳಗೆ ಹುಟ್ಟಿನಿಂದಲೇ ಬಂದಿರಲ್ಲ. ಆ ಕತೆಯಲ್ಲಿ ಅದು ಯಾರ ಕೈಲಿದೆ, ಯಾರ ಕೈಗೆ ಸಿಗಲ್ಲ ಅನ್ನೋದರಿಂದ ಹುಟ್ಟುತ್ತೆ.

ಈಗ ಕಾರಂತರ 'ಚೋಮನ ದುಡಿ'ಗೆ ಬರೋಣ. 1933ರ ಕಾದಂಬರಿ. ದುಡಿ ಯಾವುದರ ಸಂಕೇತ ಅಂತ ಕೇಳಿದರೆ ಸಿದ್ಧ ಉತ್ತರ: 'ಚೋಮನ ನೋವಿನ ಸಂಕೇತ'. ಮುಂದಿನ ಪ್ರಶ್ನೆ, ಕಾದಂಬರಿಯ ಆಶಯ ಏನು? 'ಬಡತನ ಮತ್ತು ಶೋಷಣೆ'. ಅಂಕ ಬಂತು, ಪಾಠ ಮುಗೀತು.

ಆದರೆ ಪುಸ್ತಕ ತೆರೆದು ನೋಡಿ. ಚೋಮನ ಹತ್ರ ಸಾಕಿದ ಜೋಡಿ ಎತ್ತು ಇದೆ. ದುಡಿಯೋ ಮೈ ಇದೆ, ಉಳೋ ಆಸೆ ಇದೆ. ಕೊಡೋ ಮನಸ್ಸು ಮಾಡಿದರೆ ಧಣಿ ಸಂಕಪ್ಪಯ್ಯನ ಹತ್ರ ಭೂಮೀನೂ ಇದೆ. ಹಾಗಾದರೆ ಅಡ್ಡ ಬಂದದ್ದು ಏನು? ಹೊಲೆಯ ಬೇಸಾಯ ಮಾಡಬಾರದು ಅನ್ನೋ ಕಟ್ಟಳೆ. ಬಡತನ ಅಂದರೆ ಕೈಲಿ ಕಾಸಿಲ್ಲ ಅಂತ. ಇಲ್ಲಿ ಕಾಸು ಇದ್ದಿದ್ದರೂ ಗದ್ದೆ ಸಿಗ್ತಿರಲಿಲ್ಲ. ಅವನ ಮಗ ಹೊಳೆಯಲ್ಲಿ ಮುಳುಗುವಾಗ ದಡದಲ್ಲಿ ಜನ ಇದ್ದರು. ಇಳಿಯೋಕೆ ಹೋದವನನ್ನೂ ತಡೆದರು. ಅದಕ್ಕೆ ಬಡತನ ಕಾರಣಾನಾ? ಜಾತಿ ಅಂತ ಬರೆಯಬೇಕಾದ ಜಾಗದಲ್ಲಿ ಬಡತನ ಅಂತ ಬರೆಸೋದು ತಪ್ಪು ಉತ್ತರ. ನಮಗೆ ಬೇಜಾರಾಗುತ್ತೆ ಅಂತ ಹೇಳ್ತಿಲ್ಲ. ಕಾದಂಬರಿಯ ಪುಟಗಳೇ ಆ ಉತ್ತರವನ್ನ ಸುಳ್ಳು ಮಾಡ್ತವೆ. ಅದಕ್ಕೇ ತಪ್ಪು.

ಇನ್ನು ದುಡಿ. ಚೋಮ ಬರೀ ನೋವಾದಾಗ ಬಾರಿಸಲ್ಲ. ಖುಷಿಗೂ ಬಾರಿಸ್ತಾನೆ, ಸಿಟ್ಟಿಗೂ ಬಾರಿಸ್ತಾನೆ. ಕೊನೆಗೆ ಎತ್ತು ಬಿಟ್ಟು, ನೇಗಿಲು ಮುರಿದು, ಬಾಗಿಲು ಹಾಕಿಕೊಂಡು ಸಾಯೋವರೆಗೂ ಬಾರಿಸ್ತಾನೆ. ನಾನು ಭಾನುವಾರ ಹಾಸ್ಟೆಲ್ ಮಕ್ಕಳ ಜೊತೆ ಕೂತು ಓದಿಸೋ ಅಭ್ಯಾಸ ಇದೆ. ಅಲ್ಲಿ ಹತ್ತನೇ ಕ್ಲಾಸಿನ ಒಬ್ಬಳು ಹುಡುಗಿ ಹೇಳಿದ ಮಾತು ಇದು: "ಅಣ್ಣಾ, ಉಳೋಕೆ ಧಣೀನ ಕೇಳ್ಬೇಕು. ಸಾಲ ತೀರ್ಸೋಕೆ ಮಕ್ಕಳನ್ನ ತೋಟಕ್ಕೆ ಕಳಿಸ್ಬೇಕು. ದುಡಿ ಬಾರ್ಸೋಕೆ ಮಾತ್ರ ಅವ್ನು ಯಾರನ್ನೂ ಕೇಳ್ಬೇಕಾಗಿಲ್ಲ. ಅವನದ್ದು ಅಂತ ಇರೋದು ಅದೊಂದೇ."

ನೋಡಿ, ಇದು ಓದು ಅಂದರೆ. ಆ ಒಂದು ಮಾತಲ್ಲಿ ದುಡಿನೂ ಇದೆ, ಭೂಮಿನೂ ಇದೆ, ಜೀತಾನೂ ಇದೆ. ಅವಳು ಇದನ್ನೇ ಶಾಲೆಯ ಪುಸ್ತಕ ಪರಿಚಯದಲ್ಲಿ ಬರೆದಿದ್ದಳು. ಮೇಷ್ಟ್ರು ಕೆಂಪು ಇಂಕಲ್ಲಿ ಗೆರೆ ಎಳೆದು 'ನೋವಿನ ಸಂಕೇತ ಎಂದು ಬರೆ' ಅಂತ ತಿದ್ದಿದ್ರು. ಅವರು ಕೆಟ್ಟವರೇನಲ್ಲ, ಅವರಿಗೂ ಹಾಗೇ ಕಲಿಸಿರೋದು. ಆದರೆ ಆ ಗೆರೆಯಿಂದ ಆ ಮಗು ಕಲಿತದ್ದೇನು? ನಿನ್ನ ಕಣ್ಣಿಗೆ ಕಂಡದ್ದು ಲೆಕ್ಕಕ್ಕಿಲ್ಲ ಅಂತ. ನಮ್ಮ ಮಕ್ಕಳಿಗೆ ಈ ಪಾಠ ಊರೇ ಕಲಿಸುತ್ತೆ. ಕನ್ನಡ ತರಗತಿಯೂ ಕಲಿಸಬೇಕಾ?

ಹಾಗಂತ ಸಂಕೇತ, ಆಶಯ ಎಲ್ಲ ಬಿಡಿ, ಸುಮ್ಮನೆ ಕತೆ ಹೇಳಿ ಸಾಕು ಅನ್ನೋರ ಜೊತೆಗೂ ನಾನಿಲ್ಲ. ಕಲಿಸಬೇಕು, ಚೆನ್ನಾಗಿ ಕಲಿಸಬೇಕು. ಭಾನುವಾರದ ಕ್ಲಾಸಲ್ಲಿ ನಾವು ಮಾಡೋದು ಹೀಗೆ:

ಮೊದಲು ವಸ್ತುವನ್ನ ವಸ್ತುವಾಗೇ ನೋಡೋದು. ದುಡಿ ಅಂದ್ರೇನು, ಯಾವ ಚರ್ಮ, ಯಾರು ಮಾಡ್ತಾರೆ, ಯಾರು ಬಾರಿಸ್ತಾರೆ, ಯಾರು ಮುಟ್ಟಲ್ಲ? ಇದು ಗೊತ್ತಿಲ್ಲದೆ ಸಂಕೇತಕ್ಕೆ ಹಾರಬಾರದು.

ಎರಡನೇದು, ಅದು ಕತೆಯಲ್ಲಿ ಎಷ್ಟು ಸಲ ಬರುತ್ತೆ, ಪ್ರತಿ ಸಲ ಏನು ಬದಲಾಯ್ತು ಅಂತ ಪೆನ್ಸಿಲಲ್ಲಿ ಗುರುತು ಹಾಕೋದು. ಒಂದೇ ಸಲ ಬಂದು ಹೋಗೋ ವಸ್ತುಗಳೆಲ್ಲ ಸಂಕೇತ ಆಗಲೇಬೇಕಿಲ್ಲ.

ಮೂರನೇದು, ಆಶಯವನ್ನ ಒಂದು ಪದದಲ್ಲಿ ಬರೆಯಬಾರದು, ಪೂರ್ತಿ ವಾಕ್ಯ ಬರೀಬೇಕು. 'ಶೋಷಣೆ' ಅಂದರೆ ಯಾರೂ ಸಿಕ್ಕಿಬೀಳಲ್ಲ. 'ಎತ್ತಿದ್ದರೂ ಚೋಮನಿಗೆ ಉಳೋಕೆ ಬಿಡಲಿಲ್ಲ, ಕಾರಣ ಅವನ ಜಾತಿ' ಅಂತ ಬರೆದರೆ ಕರ್ತೃ, ಕರ್ಮ, ಕ್ರಿಯಾಪದ ಎಲ್ಲ ಬೇಕಾಗುತ್ತೆ. ವ್ಯಾಕರಣ ಸತ್ಯ ಹೇಳಿಸುತ್ತೆ.

ನಾಲ್ಕನೇದು, ಪುಟ ತೋರಿಸೋದು. ಎಲ್ಲಿದೆ ಅಂತ ಕೇಳಿದರೆ ಬೆರಳಿಡಬೇಕು. ನಮ್ಮ ಮಕ್ಕಳಿಗೂ ಇದರಲ್ಲಿ ವಿನಾಯಿತಿ ಇಲ್ಲ.

ದೇವನೂರ ಮಹಾದೇವರ 'ಒಡಲಾಳ' ಇದಕ್ಕೆ ಒಳ್ಳೇ ಪುಸ್ತಕ. ಸಾಕವ್ವ ಕಳೆದುಹೋದ ಹುಂಜಕ್ಕಾಗಿ ಕೇರಿಯೆಲ್ಲ ಹುಡುಕ್ತಾಳೆ. ಮನೆ ಮಂದಿಯೆಲ್ಲ ರಾತ್ರಿ ಕೂತು ಕಡ್ಲೆಕಾಯಿ ತಿಂತಾರೆ. ಆಮೇಲೆ ಪೊಲೀಸರು ಬರ್ತಾರೆ. ಗೋಡೆ ಮೇಲೆ ಪುಟ್ಟಗೌರಿ ಬರೆದ ನವಿಲಿದೆ. 'ನವಿಲು ಸೌಂದರ್ಯದ ಸಂಕೇತ' ಅಂತ ಒಂದು ಸಾಲು ಬರೆದು ಮುಗಿಸಬಹುದು. ಇಲ್ಲ, ಹೀಗೂ ಕೇಳಬಹುದು: ಸಾಕವ್ವನ ಹುಂಜಕ್ಕೆ ಪೊಲೀಸರು ಬರಲಿಲ್ಲ, ಸಾಹುಕಾರನ ಕಡ್ಲೆಕಾಯಿಗೆ ಯಾಕೆ ಬಂದರು? ಈ ಪ್ರಶ್ನೆ ಕೇಳಿದ ಮಗುವಿಗೆ ಕತೆಯ ಅರ್ಧ ದಾರಿ ತಾನಾಗೇ ಸಿಗುತ್ತೆ. ಅದಾದ ಮೇಲೆ ನವಿಲಿನ ಹತ್ರ ಬಂದರೆ ಆ ನವಿಲು ಬೇರೇನೇ ಕಾಣುತ್ತೆ.

ಮೇಷ್ಟ್ರುಗಳಿಗೆ ಒಂದು ಮಾತು. ಇಂಥ ಪಾಠ ಬಂದಾಗ ಹಿಂದಿನ ಬೆಂಚಿನ ನಮ್ಮ ಮಗುವನ್ನ ಎಬ್ಬಿಸಿ "ನೀನು ಹೇಳಪ್ಪ, ನಿಮ್ಮ ಕಡೆಯವರ ಕತೆ" ಅನ್ನಬೇಡಿ. ಆ ಮಗು ಕತೆಗೆ ಸಾಕ್ಷಿ ಹೇಳೋಕೆ ಬಂದಿಲ್ಲ, ಓದೋಕೆ ಬಂದಿದೆ. ಪ್ರಶ್ನೆಯನ್ನ ಇಡೀ ತರಗತಿಗೆ ಕೇಳಿ. ಸಂಕಪ್ಪಯ್ಯನ ಮನೆಯವರು ಯಾಕೆ ಹಾಗೆ ನಡಕೊಂಡರು ಅಂತ ಮುಂದಿನ ಬೆಂಚೂ ಯೋಚನೆ ಮಾಡಲಿ.

ಚಳವಳಿಯ ಗೆಳೆಯರಿಗೂ ಒಂದು ಮಾತು. ನಮ್ಮ ಶಿಬಿರಗಳಲ್ಲೂ ಒಂದು ಗೈಡು ತಯಾರಾಗಿದೆ. ತಮಟೆ ಅಂದ್ರೆ ಹೋರಾಟದ ಸಂಕೇತ, ಮುಗೀತು. ಅದೇ ತಮಟೆಯನ್ನ ಬಿಟ್ಟಿ ಚಾಕರಿಯಾಗಿ ಊರಹಬ್ಬಕ್ಕೆ, ಸಾವಿಗೆ ಬಡಿಯಲ್ಲ ಅಂತ ಹಠ ಹಿಡಿದು ಒದೆ ತಿಂದವರೂ ನಮ್ಮವರೇ. ಎರಡೂ ನಿಜ. ಮಗುವಿಗೆ ಎರಡನ್ನೂ ಹೇಳಬೇಕು. ಹಾಗೇ 'ಕಾರಂತರು ನಮ್ಮವರಲ್ಲ, ಓದೋದೇ ಬೇಡ' ಅನ್ನೋ ವಾದವೂ ನನಗೆ ಒಪ್ಪಿಗೆ ಇಲ್ಲ. ಓದಿ, ಆಮೇಲೆ ಕೇಳೋಣ: ಮಹಾಡ್ ನಡೆದು ಆರು ವರ್ಷಕ್ಕೆ ಬಂದ ಈ ಕಾದಂಬರಿಯಲ್ಲಿ ಚೋಮ ಯಾಕೆ ಒಬ್ಬಂಟಿಯಾಗೇ ಸಾಯ್ತಾನೆ? ಅವನ ಜೊತೆ ಸಂಘಟನೆ ಯಾಕಿಲ್ಲ? ಇದು ಪುಸ್ತಕ ಎಸೆದವನಿಗೆ ಹುಟ್ಟೋ ಪ್ರಶ್ನೆ ಅಲ್ಲ, ಓದಿದವನಿಗೆ ಹುಟ್ಟೋ ಪ್ರಶ್ನೆ. 1973ರಲ್ಲಿ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯವನ್ನ ಬೂಸಾ ಅಂದದ್ದಕ್ಕೆ ಮಂತ್ರಿಗಿರಿ ಬಿಡಬೇಕಾಯ್ತು. ಆ ಒಂದು ರೂಪಕದ ಅರ್ಥಕ್ಕಾಗಿ ಬೀದೀಲಿ ಜಗಳ ಆಯ್ತು, ನಮ್ಮ ವಿದ್ಯಾರ್ಥಿಗಳು ಏಟು ತಿಂದರು. ರೂಪಕ ಸಣ್ಣ ವಿಷಯ ಅಂತ ನಾವಂತೂ ಹೇಳೋ ಹಾಗಿಲ್ಲ.

ಕೊನೇದಾಗಿ, ಇದು ಯಾಕೆ ಬೇಕು ಅಂತೀರಾ? ನಾನು ಗುಮಾಸ್ತ. ದಿನವಿಡೀ ಕಡತಗಳ ಭಾಷೆ ಓದ್ತೀನಿ. ಸಂಜೆ ಪೇಪರ್ ನೋಡಿದರೆ 'ಕ್ಷುಲ್ಲಕ ಕಾರಣಕ್ಕೆ ಹಲ್ಲೆ', 'ಎರಡು ಗುಂಪುಗಳ ನಡುವೆ ಘರ್ಷಣೆ'. ಕ್ಷುಲ್ಲಕ ಅಂದರೆ ಏನು? ಹೋಟೆಲಲ್ಲಿ ಲೋಟ ಕೇಳಿದ್ದಾ, ದೇವಸ್ಥಾನದ ಮೆಟ್ಟಿಲು ಹತ್ತಿದ್ದಾ? ಹೊಡೆದವರು ಯಾರು, ತಿಂದವರು ಯಾರು? ಚೋಮನ ಕತೆಯಲ್ಲಿ 'ಬಡತನ' ಅನ್ನೋ ಪದ ಏನನ್ನ ಮುಚ್ಚಿಟ್ಟಿದೆ ಅಂತ ಹುಡುಕಿದ ಮಗು, ನಾಳೆ ಈ 'ಕ್ಷುಲ್ಲಕ' ಅನ್ನೋ ಪದದ ಕೆಳಗೂ ಬೆರಳಿಡುತ್ತೆ. ಎಫ್‌ಐಆರ್ ಓದಿ ನೋಡಿ, ನಾನು ಹೇಳಿದ್ದು ಇದಲ್ಲ ಅನ್ನುತ್ತೆ.

ನಮ್ಮ ಬಳಗದಲ್ಲಿ ಕನ್ನಡ ಮೇಷ್ಟ್ರುಗಳು, ಮೇಡಮ್ಮುಗಳು ಇದೀರಿ. ಈ ವಾರ ಒಂದೇ ಕತೆ ತಗೊಳ್ಳಿ, ಗೈಡು ಮುಚ್ಚಿಡಿ, ನಿಮಗೇನು ಕಾಣಿಸ್ತು ಅಂತ ಮಕ್ಕಳನ್ನ ಕೇಳಿ. ಉಳಿದವರು ಪಕ್ಕದ ಹಾಸ್ಟೆಲ್ಲಿಗೆ ಹೋಗಿ, ಒಂದು ಕಾದಂಬರಿ ಕೊಟ್ಟು ಜೊತೆಗೆ ಕೂತು ಓದಿ. ಮಕ್ಕಳು ಹೇಳಿದ್ದನ್ನ ಕಾಮೆಂಟಲ್ಲಿ ಹಾಕಿ. ಹೆಸರು ಬೇಡ, ಮಾತು ಸಾಕು.

ಜೈಭೀಮ್.