ಸರ್ವರ್‌ಗೂ ಒಂದು ಯುಎಸ್‌ಎನ್ ಕೊಡೋಣ

ಗ್ರೀನ್ ಲೈನ್‌ನಲ್ಲಿ ಪೀಣ್ಯ ಅಂತ ಒಂದು ಸ್ಟೇಷನ್ ಇದೆ, ಪೀಣ್ಯ ಇಂಡಸ್ಟ್ರಿ ಅಂತ ಇನ್ನೊಂದಿದೆ. "ಪೀಣ್ಯದಲ್ಲಿ ಇಳ್ಕೊಳ್ಳೋ" ಅಂದ್ರೆ ಯಾವುದು ಅಂತ ಮತ್ತೆ ಫೋನ್ ಮಾಡಬೇಕು. ಮೆಟ್ರೋದಲ್ಲಾದರೆ ಒಂದು ಸ್ಟೇಷನ್ ವಾಪಸ್ ಬಂದರಾಯ್ತು. ಕ್ಲೌಡ್‌ನಲ್ಲಿ ತಪ್ಪು ಮಷೀನ್ ಡಿಲೀಟ್ ಆದರೆ, ಬ್ಯಾಕಪ್ ಇಲ್ಲದಿದ್ದರೆ, ಅಲ್ಲಿಗೆ ಕಥೆ ಮುಗೀತು.

ನಮ್ಮ ಪ್ರಾಜೆಕ್ಟ್ ಗುಂಪುಗಳ ಅಕೌಂಟ್ ತೆರೆದು ನೋಡಿ. ಟೆಸ್ಟ್, ಟೆಸ್ಟ್2, ನ್ಯೂ, ಫೈನಲ್, ಫೈನಲ್-ನ್ಯೂ. ಯಾರದು, ಯಾಕಿದೆ ಅಂತ ಯಾರಿಗೂ ಗೊತ್ತಿಲ್ಲ. ಗೊತ್ತಿಲ್ಲ ಅಂತ ಯಾರೂ ಮುಟ್ಟಲ್ಲ, ಮುಟ್ಟದೆ ಅದು ಹಗಲೂ ರಾತ್ರಿ ಓಡ್ತಾನೇ ಇರುತ್ತೆ. ಡೆಮೋ ಹಿಂದಿನ ವಾರ ಸ್ಟೂಡೆಂಟ್ ಕ್ರೆಡಿಟ್ ಖಾಲಿ.

ಒಳ್ಳೆ ಹೆಸರು ಹೇಗಿರಬೇಕು ಅಂತ ನಮಗೆ ಆಗಲೇ ಗೊತ್ತು. ವಿಟಿಯು ಕೊಟ್ಟ ಯುಎಸ್‌ಎನ್ ನೋಡಿ. ಮೊದಲು ಪ್ರಾಂತ್ಯದ ಅಂಕಿ (ಬೆಂಗಳೂರಿಗೆ 1, ಬೆಳಗಾವಿಗೆ 2), ಆಮೇಲೆ ಕಾಲೇಜು, ವರ್ಷ, ಬ್ರಾಂಚ್, ಕೊನೆಗೆ ಮೂರಂಕಿ. ಒಟ್ಟು ಹತ್ತೇ ಅಕ್ಷರ. ಕೊನೆಯ ಅಂಕಿ 400ರಿಂದ ಶುರುವಾದರೆ ಡಿಪ್ಲೊಮಾದಿಂದ ಬಂದವರು ಅಂತ ನೋಡಿದ ಕೂಡಲೇ ಗೊತ್ತಾಗುತ್ತೆ. ಅದರಲ್ಲಿ ನಮ್ಮ ಸಿಜಿಪಿಎ ಇಲ್ಲ, ಹಾಸ್ಟೆಲ್ ರೂಮ್ ನಂಬರ್ ಇಲ್ಲ. ಬದಲಾಗೋದನ್ನ ಹೆಸರಿನಲ್ಲಿ ಇಡಬಾರದು.

ಮಷೀನ್‌ಗೂ ಇದೇ ಲೆಕ್ಕ: ಪ್ರಾಜೆಕ್ಟ್, ಕೆಲಸ, ಡೆವ್ ಅಥವಾ ಪ್ರಾಡ್, ನಂಬರ್. ಅಷ್ಟೇ. ಮಾಲೀಕರ ಹೆಸರು ಬೇಡ, ಸೆಮಿಸ್ಟರ್ ಮುಗಿದರೆ ಮಾಲೀಕರೇ ಬದಲಾಗ್ತಾರೆ. ಅಜೂರ್‌ನಲ್ಲಿ ವಿಂಡೋಸ್ ಮಷೀನ್‌ನ ಹೆಸರು 15 ಅಕ್ಷರ ದಾಟುವಂತಿಲ್ಲ, ಒಮ್ಮೆ ಇಟ್ಟ ಮೇಲೆ ಬದಲಿಸೋಕೂ ಆಗಲ್ಲ. ಎಡಬ್ಲ್ಯುಎಸ್‌ನಲ್ಲಿ ಉಲ್ಟಾ: ಹೆಸರು ಬರೀ ಒಂದು ಟ್ಯಾಗ್, ಹತ್ತು ಮಷೀನ್‌ಗೂ ಟೆಸ್ಟ್ ಅಂತಲೇ ಇಟ್ಟರೂ ಯಾರೂ ಕೇಳಲ್ಲ. (ದೊಡ್ಡವರೂ ಏನು ಕಮ್ಮಿ ಇಲ್ಲ. ಅಜೂರ್‌ನ 'ಸೆಂಟ್ರಲ್ ಇಂಡಿಯಾ' ಇರೋದು ಪುಣೆಯಲ್ಲಿ!)

ಕನ್ನಡ ಸಂಘದವರಾಗಿ ಕಾವೇರಿ, ಶರಾವತಿ ಅಂತ ಇಡಬಾರದಾ ಅಂತ ಕೇಳ್ತೀರಾ. ಆಸೆ ನಮಗೂ ಇದೆ. ಐದು ಮಷೀನ್ ಇದ್ದಾಗ ಚೆನ್ನಾಗಿರುತ್ತೆ, ಐವತ್ತಾದಾಗ ಡೇಟಾಬೇಸ್ ಇರೋದು ತುಂಗಾದಲ್ಲಾ ಭದ್ರಾದಲ್ಲಾ ಅಂತ ಹುಡುಕಬೇಕು. ಗೂಗಲ್ ಕ್ಲೌಡ್‌ನಲ್ಲಂತೂ ಹೆಸರಿಗೆ ಇಂಗ್ಲಿಷಿನ ಸಣ್ಣಕ್ಷರ, ಅಂಕಿ, ಅಡ್ಡಗೆರೆ ಬಿಟ್ಟು ಬೇರೇನೂ ನಡೆಯಲ್ಲ. ಶರಾವತಿಯ 'ತಿ'ಗೆ ಒಬ್ಬರು ಬರೀ 'ಟಿ' ಹಾಕ್ತಾರೆ, ಇನ್ನೊಬ್ಬರು ಜೊತೆಗೆ 'ಎಚ್' ಸೇರಿಸ್ತಾರೆ. ಸ್ಕ್ರಿಪ್ಟ್‌ಗೆ ಅವು ಎರಡು ಬೇರೆ ನದಿಗಳು.

ಕನ್ನಡಕ್ಕೆ ಸರಿಯಾದ ಜಾಗ ಟ್ಯಾಗ್. ಎಡಬ್ಲ್ಯುಎಸ್ ಇಸಿ2 ಟ್ಯಾಗ್‌ನಲ್ಲಿ ಕನ್ನಡ ಅಕ್ಷರವನ್ನೇ ಬರೆಯಬಹುದು. 'ಹೊಣೆ' ಅಂತ ಒಂದು, 'ಮುಗಿಯುವ ದಿನ' ಅಂತ ಇನ್ನೊಂದು. ಇವೆರಡೇ ಇದ್ದರೆ ಮುಕ್ಕಾಲು ಜಗಳ ಕಮ್ಮಿಯಾಗುತ್ತೆ.

ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸಕ್ಕೆ ಸೇರಿದ ಮೇಲೆ ಕಲಿತರಾಯ್ತು ಅನ್ನೋರಿದ್ದಾರೆ. ಅಲ್ಲಿ ತಪ್ಪು ಮಷೀನ್ ಆಫ್ ಮಾಡಿದರೆ ಹೋಗೋದು ಯಾರದೋ ಕಂಪನಿಯ ವ್ಯವಹಾರ. ಇಲ್ಲಾದರೆ ಮಿನಿ ಪ್ರಾಜೆಕ್ಟ್ ಅಷ್ಟೇ. ಹಾಗಾಗಿ ಪ್ರತಿ ಗುಂಪೂ ಈ ಶುಕ್ರವಾರ ಟ್ಯಾಗ್ ಇಲ್ಲದ ಮಷೀನ್‌ಗಳನ್ನ ಸ್ಟಾಪ್ ಮಾಡಲಿ. ಡಿಲೀಟ್ ಬೇಡ, ಸ್ಟಾಪ್ ಸಾಕು. ಡಿಸ್ಕ್‌ನ ಬಾಡಿಗೆ ಆಮೇಲೂ ಬೀಳುತ್ತೆ, ಅದಕ್ಕೇ ಒಂದು ವಾರ ಮಾತ್ರ ಕಾಯೋದು. ಅಷ್ಟರಲ್ಲಿ ಗ್ರೂಪ್‌ನಲ್ಲಿ ಯಾರೂ ಕಿರುಚದಿದ್ದರೆ ಆ ಮಷೀನ್ ಯಾರಿಗೂ ಬೇಕಿಲ್ಲ ಅಂತ ಲೆಕ್ಕ.