ಆಂಪ್ ಕೊಳ್ಳುವ ಮೊದಲು ಒಂದು ಲೆಕ್ಕ ಮಾಡಿ

"ಮಾಷ್ಟ್ರೇ, ಫೋನಿಗೆ ಹೊರಗಿಂದ ಒಂದು ಹೆಡ್‌ಫೋನ್ ಆಂಪ್ಲಿಫೈಯರ್ ಹಾಕಿದ್ರೆ ಸೌಂಡ್ ಚೆಂದ ಆಗ್ತದಾ?" ಹೈಸ್ಕೂಲು ಮಕ್ಕಳ ಬಾಯಲ್ಲಿ ಈಗ ಕೇಳಿಬರುವ ಪ್ರಶ್ನೆ ಇದು. ನನ್ನ ಅಭಿಪ್ರಾಯ ಮೊದಲೇ ಹೇಳ್ತೇನೆ: ನಿಮ್ಮಲ್ಲಿ ಹೆಚ್ಚಿನವರಿಗೆ ಅದು ಬೇಕಾಗಿಲ್ಲ. ಆದರೆ ನಾನು ಹೇಳಿದೆ ಅಂತ ನಂಬಬೇಡಿ. ಪಾಠದಲ್ಲಿ ಓದಿದ ಓಮ್‌ನ ನಿಯಮ ಉಂಟಲ್ಲ, ಅದರಿಂದಲೇ ನೋಡುವ.

ಹಾಡು ಕೇಳಿಸುವ ಪ್ರತಿಯೊಂದು ಪ್ಲೇಯರಿನ ಒಳಗೆ ಒಂದು ಸಣ್ಣ ಆಂಪ್ಲಿಫೈಯರ್ ಇದ್ದೇ ಇರುತ್ತದೆ. ಹೊರಗಿನಿಂದ ಜೋಡಿಸುವುದು ಎರಡನೆಯದು. ಅದರ ಕೆಲಸ ಹೆಡ್‌ಫೋನಿಗೆ ಹೆಚ್ಚು ವೋಲ್ಟೇಜನ್ನೋ ಹೆಚ್ಚು ಕರೆಂಟನ್ನೋ ಒದಗಿಸುವುದು, ಅಷ್ಟೇ. ಬಂದ ಸಂಕೇತದಲ್ಲಿ ಗೊರಗೊರ ಸದ್ದು ಇದ್ದರೆ ಅದನ್ನೂ ದೊಡ್ಡದು ಮಾಡಿಯೇ ಕೊಡುತ್ತದೆ. ಬಾವಿಯ ನೀರು ಕೆಂಪಾಗಿದ್ದರೆ ದೊಡ್ಡ ಪಂಪು ಇಟ್ಟ ಮಾತ್ರಕ್ಕೆ ನೀರು ತಿಳಿಯಾಗುತ್ತದೆಯೇ?

ಈಗ ಲೆಕ್ಕ. ಹೆಡ್‌ಫೋನಿನ ಪೆಟ್ಟಿಗೆಯ ಮೇಲೆ ಎರಡು ಸಂಖ್ಯೆ ಹುಡುಕಿ. ಒಂದು ಇಂಪಿಡೆನ್ಸ್, ಎಸಿ ಸಂಕೇತಕ್ಕೆ ಅದು ಒಡ್ಡುವ ತಡೆ, ಓಮ್‌ನಲ್ಲಿ ಬರೆದಿರುತ್ತಾರೆ. ಇನ್ನೊಂದು ಸೆನ್ಸಿಟಿವಿಟಿ, 1 ಮಿಲಿವ್ಯಾಟ್ ಕೊಟ್ಟರೆ ಎಷ್ಟು ಡೆಸಿಬೆಲ್ ಸದ್ದು ಬರುತ್ತದೆ ಎಂಬುದು. ಪ್ಲೇಯರ್ ಹೆಚ್ಚೆಂದರೆ 0.5 ವೋಲ್ಟ್ ಕೊಡುತ್ತದೆ, ಇಯರ್‌ಫೋನ್ 32 ಓಮ್, ಸೆನ್ಸಿಟಿವಿಟಿ 100 ಡೆಸಿಬೆಲ್ ಎಂದಿಟ್ಟುಕೊಳ್ಳಿ. ವೋಲ್ಟೇಜಿನ ವರ್ಗವನ್ನು ರೋಧದಿಂದ ಭಾಗಿಸಿ: 0.25 ÷ 32, ಅಂದರೆ ಸುಮಾರು 8 ಮಿಲಿವ್ಯಾಟ್. ಪವರ್ ಎರಡರಷ್ಟಾದಾಗಲೆಲ್ಲ ಸದ್ದು 3 ಡೆಸಿಬೆಲ್ ಏರುತ್ತದೆ. 1ರಿಂದ 2, 2ರಿಂದ 4, 4ರಿಂದ 8. ಮೂರು ಸಲ ಏರಿತು. ಒಟ್ಟು 109 ಡೆಸಿಬೆಲ್! ಇದಕ್ಕೂ ಮೇಲೆ ಇನ್ನೊಂದು ಆಂಪ್ ಯಾಕೆ?

ಹಾಗಂತ ಆ ಉಪಕರಣ ದಂಡ ಅಂತ ಅಲ್ಲ. ಸೆನ್‌ಹೈಸರ್ ಕಂಪೆನಿಯ ಎಚ್‌ಡಿ 600ರಂತಹ ಹೆಡ್‌ಫೋನಿನ ಇಂಪಿಡೆನ್ಸ್ 300 ಓಮ್. ಅದೇ 0.5 ವೋಲ್ಟ್‌ನಿಂದ 300 ಓಮ್‌ಗೆ ಸಿಗುವುದು 0.83 ಮಿಲಿವ್ಯಾಟ್ ಮಾತ್ರ. ಮಾತು ಕೇಳಲಿಕ್ಕೆ ಅದೂ ಸಾಕು. ಆದರೆ ಯಕ್ಷಗಾನದ ರೆಕಾರ್ಡಿಂಗ್ ಹಾಕಿ ನೋಡಿ. ಭಾಗವತರ ಪದ್ಯ ಮೆಲ್ಲಗೆ ಹೋಗುತ್ತಿರುವಾಗ ಚೆಂಡೆಯ ಪೆಟ್ಟು ಥಟ್ಟನೆ ಬೀಳುತ್ತದೆ. ಆ ಒಂದು ಕ್ಷಣಕ್ಕೆ ಸರಾಸರಿಗಿಂತ ಎಷ್ಟೋ ಪಾಲು ಹೆಚ್ಚು ಪವರ್ ಬೇಕು. ಒಳಗಿನ ಆಂಪ್‌ಗೆ ಅಷ್ಟು ಕೊಡಲು ಆಗದಿದ್ದರೆ ಅಲೆಯ ತಲೆ ಕತ್ತರಿಸಿ ಹೋಗುತ್ತದೆ, ಪೆಟ್ಟು ಒಡೆದು ಕೇಳುತ್ತದೆ. ಇಂತಲ್ಲಿ ಹೊರಗಿನ ಆಂಪ್‌ಗೆ ನಿಜವಾದ ಕೆಲಸ ಉಂಟು. ಆಗಲೂ ಸಾಧ್ಯವಿದ್ದರೆ ಅದಕ್ಕೆ ಲೈನ್-ಔಟ್‌ನಿಂದ ಸಂಕೇತ ಕೊಡಬೇಕು. ಹಳೆಯ ಐಪಾಡ್‌ಗಳ ಕೆಳಗಿನ ಅಗಲ ಕನೆಕ್ಟರಿನಲ್ಲಿ ಲೈನ್-ಔಟ್ ಇತ್ತು. ಒಳಗಿನ ಹೆಡ್‌ಫೋನ್ ಆಂಪನ್ನು ದಾಟಿಸಿ ಸಂಕೇತ ನೇರ ಹೊರಗೆ ಬರುತ್ತಿದ್ದುದರಿಂದ ಹವ್ಯಾಸಿಗಳು ಅದನ್ನೇ ಹುಡುಕುತ್ತಿದ್ದರು. ಇನ್ನು ಬ್ಲೂಟೂತ್ ಇಯರ್‌ಫೋನ್ ಇಟ್ಟುಕೊಂಡವರಿಗೆ ಈ ಚರ್ಚೆಯೇ ಇಲ್ಲ. ಅವರ ಆಂಪ್ ಕಿವಿಯ ಹತ್ತಿರವೇ, ಇಯರ್‌ಫೋನಿನ ಒಳಗೇ ಕೂತಿದೆ.

ನನಗೆ ಚಿಂತೆ ಇರುವುದು ದುಡ್ಡಿನದ್ದು ಮಾತ್ರ ಅಲ್ಲ, ಕಿವಿಯದ್ದು. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳಿರುವ ಮಿತಿ ವಾರಕ್ಕೆ 40 ಗಂಟೆ, 80 ಡೆಸಿಬೆಲ್. ಮಕ್ಕಳಿಗೆ ಇನ್ನೂ ಕಡಿಮೆ, 75. ಸದ್ದು 3 ಡೆಸಿಬೆಲ್ ಹೆಚ್ಚಾದರೆ ಸಮಯ ಅರ್ಧ ಆಗಬೇಕು. 83ಕ್ಕೆ 20 ಗಂಟೆ, 86ಕ್ಕೆ 10 ಗಂಟೆ. ಹೀಗೇ ಇಳಿಯುತ್ತಾ ಬಂದರೆ 98 ಡೆಸಿಬೆಲ್‌ಗೆ ಉಳಿಯುವುದು ಇಡೀ ವಾರಕ್ಕೆ ಸುಮಾರು 38 ನಿಮಿಷ, ಅದೂ ದೊಡ್ಡವರ ಲೆಕ್ಕದಲ್ಲಿ. ಒಳಗಿವಿಯ ಕಾಕ್ಲಿಯಾದಲ್ಲಿ ಇರುವ ರೋಮಕೋಶಗಳು ಒಮ್ಮೆ ಸತ್ತರೆ ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ. ಬೇರೆ ಆಂಪ್ ಅಂಗಡಿಯಲ್ಲಿ ಸಿಕ್ಕೀತು, ಇದು ಸಿಗಲಿಕ್ಕಿಲ್ಲ.

ಬಸ್ಸಿನಲ್ಲಿ ಹಾಡು ಸರಿ ಕೇಳದಿದ್ದರೆ ಅದು ಆಂಪ್‌ನ ಕೊರತೆ ಅಲ್ಲ, ಹೊರಗಿನ ಗದ್ದಲ. ಕಿವಿಗೆ ಸರಿಯಾಗಿ ಕೂರುವ ರಬ್ಬರ್ ಟಿಪ್ ಹಾಕಿ ನೋಡಿ. ಹೊರಗಿನ ಸದ್ದು ತಗ್ಗುತ್ತದೆ, ವಾಲ್ಯೂಮ್ ತಾನಾಗಿ ಇಳಿಯುತ್ತದೆ.

ಆಂಪ್ ಮೇಲೆ ಅಷ್ಟು ಆಸೆ ಇದ್ದರೆ ಕೊಳ್ಳುವ ಬದಲು ಕಟ್ಟಿ ನೋಡಿ ಎಂಬುದು ನನ್ನ ಸಲಹೆ. ಚು ಮೋಯ್ ಎಂಬ ಹವ್ಯಾಸಿ ರೂಪಿಸಿದ 'ಸಿಮೋಯ್' ಆಂಪ್ ಒಂದು ಆಪ್-ಆಂಪ್ ಚಿಪ್, ಕೆಲವು ರೋಧಕ, ಕೆಪಾಸಿಟರ್ ಮತ್ತು 9 ವೋಲ್ಟ್ ಬ್ಯಾಟರಿಯಲ್ಲಿ ಮುಗಿಯುತ್ತದೆ. ಪೆಪ್ಪರ್‌ಮಿಂಟ್ ಡಬ್ಬಿಯೊಳಗೆ ಅದನ್ನು ಕೂರಿಸಿದವರು ಬಹಳ ಜನ. ವಿಜ್ಞಾನ ಮೇಳಕ್ಕೂ ಆಯಿತು, ಕಲಿತ ಹಾಗೂ ಆಯಿತು.

ಕೊನೆಗೆ ಒಂದು ಲೆಕ್ಕ ನಿಮಗೆ ಬಿಡ್ತೇನೆ. ಪ್ಲೇಯರ್ 0.4 ವೋಲ್ಟ್, ಇಯರ್‌ಫೋನ್ 16 ಓಮ್, ಸೆನ್ಸಿಟಿವಿಟಿ 100 ಡೆಸಿಬೆಲ್. ಪವರ್ ಹತ್ತರಷ್ಟಾದರೆ 10 ಡೆಸಿಬೆಲ್ ಏರುತ್ತದೆ ಎಂಬುದು ಸುಳಿವು. ಉತ್ತರ ಬಂದ ಮೇಲೆ ಹೇಳಿ, ಆಂಪ್ ಬೇಕಾ?